ತೋಟದ ದಾರಿಗೆ ಥಾರ್ ರಾಕ್ಸ್: ಎಂಎಕ್ಸ್5 ಸಾಕಾ, ಎಎಕ್ಸ್7ಎಲ್ ಬೇಕಾ? ಟೈರ್ ಯಾವುದು?

ಹೆಬ್ರಿದಾರಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದಾರಿ ಹೇಗಿದೆ ಎಂದು ಹೇಳದೆ ಗಾಡಿ ಕೇಳಿದರೆ ಪ್ರಯೋಜನ ಇಲ್ಲ. ಕೇಳುತ್ತಿರುವುದು ಮಹೀಂದ್ರಾದ ಐದು ಬಾಗಿಲಿನ ಥಾರ್ ರಾಕ್ಸ್ ಬಗ್ಗೆ. ಎಂಎಕ್ಸ್5, ಎಎಕ್ಸ್7ಎಲ್ ಎಂದರೆ ಅದರ ಎರಡು ಟ್ರಿಮ್, ಅಂದರೆ ಸೌಲಭ್ಯದ ಮಟ್ಟ; ಎಎಕ್ಸ್7ಎಲ್ ಹೆಚ್ಚು ದುಬಾರಿಯದ್ದು.

ಮನೆ ಉಡುಪಿಯಲ್ಲಿ, ಹೆಬ್ರಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ವಾರಕ್ಕೆ ಐದು ದಿನ ನನ್ನ ಓಡಾಟ ಮಣಿಪಾಲಕ್ಕೆ ಮಾತ್ರ. ಶನಿವಾರ, ಭಾನುವಾರ ತೋಟಕ್ಕೆ. ಹಿರಿಯಡ್ಕ ದಾಟಿ ಹೆಬ್ರಿವರೆಗೆ ಡಾಮರು ರಸ್ತೆ. ಅಲ್ಲಿಂದ ಒಳಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮೊದಲು ಒಂದು ತೋಡು (ಸಣ್ಣ ಹಳ್ಳ). ಅದು ದಾಟಿದ ಕೂಡಲೇ ಕೆಂಪು ಮಣ್ಣಿನ ಏರು, ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಪಾರೆ, ಅಂದರೆ ಬಂಡೆ ನೆಲ, ಕೊನೆಗೆ ಅಂಗಳಕ್ಕೆ ಇಳಿಯುವ ಒಂದು ತುಂಡು ಕಾಂಕ್ರೀಟ್. ಜನವರಿಯಲ್ಲಿ ನಮ್ಮ ಹಳೆಯ ಸಣ್ಣ ಕಾರು ಕೂಡ ಹೋಗುತ್ತದೆ. ಜೂನ್ ಬಂತೆಂದರೆ ಕಾರು ತೋಡಿನ ಈಚೆಗೇ. ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣದ ಚೀಲ ಎಲ್ಲವನ್ನೂ ಹೊತ್ತುಕೊಂಡೇ ಹೋದೆವು. ಅಪ್ಪನಿಗೆ 71 ವರ್ಷ, ಮೊಣಕಾಲು ನೋವು, ಆದರೂ ತೋಟ ಬಿಡುವವರಲ್ಲ. ಅವರು ಆ ಏರಿನಲ್ಲಿ ಜಾರಿ ಬಿದ್ದ ದಿನ ನಾನು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ) ತೆಗೆದುಕೊಳ್ಳುವುದೇ ಎಂದು ಗಟ್ಟಿ ಮಾಡಿದೆ.

ರಾಕ್ಸ್‌ನಲ್ಲಿ ಫೋರ್ ಬೈ ಫೋರ್ ಇರುವುದು ಡೀಸೆಲ್‌ಗೆ ಮಾತ್ರ. ನನಗೆ ಮ್ಯಾನುವಲ್ ಗೇರೇ ಇಷ್ಟ. ಹಾಗಾಗಿ ಎಂಎಕ್ಸ್5 ಅಥವಾ ಎಎಕ್ಸ್7ಎಲ್. ಎಎಕ್ಸ್7ಎಲ್‌ನಲ್ಲಿ ದೊಡ್ಡ ಸನ್‌ರೂಫ್, ಗಾಳಿ ಬರುವ ಸೀಟು, 360 ಡಿಗ್ರಿ ಕ್ಯಾಮೆರಾ, ಅಡಾಸ್ (ಅಪಾಯ ಕಂಡರೆ ಓಡಿಸುವವರನ್ನು ಎಚ್ಚರಿಸಿ ನೆರವಾಗುವ ವ್ಯವಸ್ಥೆ) ಎಲ್ಲ ಉಂಟು. ಆದರೆ ಅದಕ್ಕೆ 19 ಇಂಚಿನ ರಿಮ್, ಎಂಎಕ್ಸ್5ಗೆ 18. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಗಾಡಿಯೇ ಸಾಕು, ದುಡ್ಡು ಉಳಿಸು ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಇನ್ನೊಬ್ಬ, ಗಾಡಿ ಬಂದ ದಿನವೇ ದೊಡ್ಡ ಗುಬ್ಬಿಯ (ಉಬ್ಬಿದ ರಬ್ಬರ್ ಗಡ್ಡೆಗಳ) ಮಡ್ ಟೈರ್, ಅಂದರೆ ಕೆಸರಿನ ಟೈರ್, ಹಾಕಿಸು ಎನ್ನುತ್ತಾನೆ. ಈ ಕಡೆಯ ಮಳೆಯಲ್ಲಿ ನಿಜವಾಗಿ ಓಡಿಸಿದವರು ದಯವಿಟ್ಟು ಹೇಳಿ.

ಕಂಗಿನತೋಟ, ಬೆಳ್ತಂಗಡಿ

ನಿಮ್ಮ ದಾರಿಯ ವಿವರ ಓದಿ ನಮ್ಮ ತೋಟಕ್ಕೇ ಹೋದ ಹಾಗೆ ಆಯಿತು ಮಾರಾಯ್ರೆ. 2021ರಿಂದ ಮೂರು ಬಾಗಿಲಿನ ಥಾರ್ ಇಟ್ಟುಕೊಂಡಿದ್ದೇನೆ, ಡೀಸೆಲ್, ಫೋರ್ ಬೈ ಫೋರ್. ನನ್ನ ಮಾತು ನೇರ: ಎಂಎಕ್ಸ್5 ಫೋರ್ ಬೈ ಫೋರ್ ತೆಗೆದುಕೊಳ್ಳಿ. ಉಳಿದ ದುಡ್ಡನ್ನು ಟೈರ್‌ಗೂ ಗಾಡಿಯ ಅಡಿಗೂ ಹಾಕಿ.

ಮೊದಲು ನಿಮ್ಮ ಗೆಳೆಯನ ಮಾತು. ಒದ್ದೆ ಕೆಂಪು ಮಣ್ಣಿನ ಏರಿನಲ್ಲಿ, ಹಿಂದೆ ಮೂರು ಚೀಲ ಹೊತ್ತು, ಹಿಂದಿನ ಚಕ್ರ ಮಾತ್ರ ತಿರುಗಿದರೆ ಏನಾಗುತ್ತದೆ? ಗಾಡಿಯ ಬಾಲ ಬದಿಗೆ ಹೋಗುತ್ತದೆ. ಒಂದು ಬದಿ ಕಣಿ ಇರುವ ದಾರಿಯಲ್ಲಿ ಇದು ಆಟ ಅಲ್ಲ. ಅಪ್ಪನನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು, ಅಲ್ವಾ? ಫೋರ್ ಬೈ ಫೋರ್‌ನಲ್ಲಿ ಮುಂದಿನ ಚಕ್ರ ಎಳೆಯುತ್ತದೆ, ನಿಧಾನಕ್ಕೆ ಜಾಸ್ತಿ ಬಲ ಕೊಡುವ ಲೋ ಗೇರ್ ಸಿಗುತ್ತದೆ, ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಲಾಕ್ ಆಗುತ್ತದೆ. ಲಾಕ್ ಇಲ್ಲದ ಆಕ್ಸಲ್‌ನಲ್ಲಿ ಒಂದು ಚಕ್ರ ಕೆಸರಿನಲ್ಲಿ ಸುಮ್ನೆ ತಿರುಗುತ್ತಾ ಇರುತ್ತದೆ, ಹಿಡಿತ ಇರುವ ಇನ್ನೊಂದು ಚಕ್ರ ನಿಂತೇ ಇರುತ್ತದೆ. ಲಾಕ್ ಒತ್ತಿದರೆ ಎರಡೂ ಒಟ್ಟಿಗೆ ತಿರುಗಬೇಕು. ಏರು ಮುಗಿದ ಕೂಡಲೇ ತೆಗೆಯಿರಿ. ಫೋರ್ ಬೈ ಫೋರ್ ಕೂಡ ಒಣ ಡಾಮರಿನಲ್ಲಿ ಹಾಕಿಕೊಂಡು ತಿರುವು ಹೊಡೆಯಬೇಡಿ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ದೂರ ಓಡುವುದಿಲ್ಲ, ಆ ಎಳೆದಾಟ ಪೂರ್ತಿ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಜಾರುವ ನೆಲದಲ್ಲಿ ಚಕ್ರ ಸ್ವಲ್ಪ ಜಾರಿ ಅದು ಸಡಿಲ ಆಗುತ್ತದೆ.

ಈಗ ಮಡ್ ಟೈರ್. ಇದನ್ನು ನಾನು ಮಾಡಿ ಅನುಭವಿಸಿದ್ದೇನೆ, ಅದಕ್ಕೇ ಬೇಡ ಎನ್ನುತ್ತಿದ್ದೇನೆ. ಮೊದಲ ವರ್ಷವೇ ದೊಡ್ಡ ಗುಬ್ಬಿಯ ಟೈರ್ ಹಾಕಿಸಿದೆ. ಕೆಸರಿನಲ್ಲಿ ಭಾರೀ ಚೆಂದ ಹೋಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಜೂನ್ ಕೊನೆಯ ವಾರ, ಉಜಿರೆ ಕಡೆಯಿಂದ ಬರುವಾಗ ಒಂದು ತಿರುವಿನಲ್ಲಿ ಎದುರು ಬಸ್ಸು ಬಂತು, ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲೇ ಇಲ್ಲ, ಜಾರಿಕೊಂಡು ಎಡಗಡೆ ಚರಂಡಿಗೆ ಇಳಿಯಿತು. ಹೆಂಡತಿ, ಮಗಳು ಒಳಗಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದೊಡ್ಡ ಗುಬ್ಬಿಗಳ ನಡುವೆ ಖಾಲಿ ಜಾಗ ಜಾಸ್ತಿ, ಹಾಗಾಗಿ ಡಾಮರಿಗೆ ತಾಗುವ ರಬ್ಬರ್ ಕಡಿಮೆ. ಗುಬ್ಬಿಯ ಮೇಲೆ ಸಣ್ಣ ಸೀಳುಗಳೂ ಕಡಿಮೆ. ನಮ್ಮ ಊರಿನಲ್ಲಿ ನಾಲ್ಕು ತಿಂಗಳು ಡಾಮರು ಒದ್ದೆಯಾಗಿಯೇ ಇರುತ್ತದೆ. ನೀವು ಮಣ್ಣಿನಲ್ಲಿ ಹೋಗುವುದು ವಾರಕ್ಕೆ ನಾಲ್ಕೋ ಎಂಟೋ ಕಿಲೋಮೀಟರ್, ಒದ್ದೆ ಡಾಮರಿನಲ್ಲಿ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಇನ್ನೊಂದು ವಿಷಯ ಹೆಚ್ಚಿನವರು ಹೇಳುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಿಮ್ಮ ಏರಿಗಿಂತ ದೊಡ್ಡ ತೊಂದರೆ ಕೊಡುವುದು ಆ ಕಾಂಕ್ರೀಟ್ ತುಂಡು. ಪಾಚಿ ಹಿಡಿದಿರುತ್ತದೆ. ಅಲ್ಲಿ ಗುಬ್ಬಿ ಎಷ್ಟು ದೊಡ್ಡದಿದ್ದರೂ ಅಗೆಯಲು ಮಣ್ಣೇ ಇಲ್ಲ. ಬೇಕಾಗುವುದು ಮೆತ್ತಗಿನ ರಬ್ಬರ್ ಮತ್ತು ಸಣ್ಣ ಸೀಳುಗಳು. ಒಳ್ಳೆಯ ಎಟಿ (ಆಲ್ ಟೆರೇನ್, ಅಂದರೆ ಡಾಮರು, ಮಣ್ಣು ಎರಡಕ್ಕೂ ಆಗುವ) ಟೈರ್‌ನಲ್ಲಿ ಇವೆರಡೂ ತಕ್ಕಮಟ್ಟಿಗೆ ಸಿಗುತ್ತವೆ, ಮಡ್ ಟೈರ್‌ನಲ್ಲಿ ಸಿಗುವುದಿಲ್ಲ. ಮೇ ತಿಂಗಳಲ್ಲಿ ಆ ಕಾಂಕ್ರೀಟಿಗೆ ಅಡ್ಡ ಗೀರು ಹಾಕಿಸಿ, ಪಾಚಿ ಕಂಡರೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ಯಾವ ಟೈರ್‌ಗಿಂತಲೂ ಅದು ಅಗ್ಗ. ಅಪ್ಪ ನಡೆಯುವುದೂ ಅದರ ಮೇಲೆಯೇ.

ರಬ್ಬರ್‌ಗಂಧ, ಉಡುಪಿ

16 ವರ್ಷದಿಂದ ಟೈರ್ ಅಂಗಡಿಯಲ್ಲಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಅಳತೆಯ ಬಗ್ಗೆ ನಾನು ಸೇರಿಸುತ್ತೇನೆ.

ಎಂಎಕ್ಸ್5ಗೆ ಬರುವುದು 255/65 ಆರ್18. ಇದರಲ್ಲಿ 255 ಟೈರಿನ ಅಗಲ ಮಿಲಿಮೀಟರಿನಲ್ಲಿ, 65 ಎಂದರೆ ಬದಿಯ ಎತ್ತರ ಆ ಅಗಲದ ಶೇಕಡಾ 65, 18 ರಿಮ್ಮಿನ ಇಂಚು. ಎಎಕ್ಸ್7ಎಲ್‌ಗೆ 255/60 ಆರ್19. ಲೆಕ್ಕ ಹಾಕಿದರೆ ಎರಡರ ಒಟ್ಟು ಎತ್ತರವೂ ಸುಮಾರು 789 ಮಿಲಿಮೀಟರ್, ಅಂದರೆ ದೊಡ್ಡ ರಿಮ್‌ನಿಂದ ಗಾಡಿ ಎತ್ತರ ಆಗುವುದಿಲ್ಲ. ಆಗುವುದು ಇಷ್ಟೇ: ರಬ್ಬರಿನ ಬದಿ 166ರಿಂದ 153 ಮಿಲಿಮೀಟರ್‌ಗೆ ಇಳಿಯುತ್ತದೆ. ಆ 13 ಮಿಲಿಮೀಟರ್ ಕಡಿಮೆ ಅನಿಸಬಹುದು, ಆದರೆ ಮುರಕಲ್ಲಿನ ಅಂಚಿಗೆ ಬಡಿದಾಗ ಪೆಟ್ಟು ತಿನ್ನುವುದು ಆ ಬದಿಯೇ. ಗಾಳಿ ಇಳಿಸಿದಾಗ ಹೊಟ್ಟೆ ಬಿಟ್ಟು ನೆಲ ಹಿಡಿಯುವುದೂ ಅದೇ. ಮುಂದೆ ಟೈರ್ ಬದಲಿಸುವಾಗ 18 ಇಂಚಿನಲ್ಲಿ ಆಯ್ಕೆಯೂ ಜಾಸ್ತಿ.

ಸರಿ, ಎಟಿ ತೆಗೆದುಕೊಳ್ಳುತ್ತೀರಿ ಎಂದುಕೊಳ್ಳೋಣ. ಅಳತೆ ಬದಲಿಸಬೇಡಿ, ಅದೇ 255/65 ಆರ್18 ಹಾಕಿ. ಬದಿಯಲ್ಲಿ ಅಳತೆಯ ಪಕ್ಕ ಒಂದು ಸಂಖ್ಯೆ ಇರುತ್ತದೆ, ಅದು ಭಾರದ ಲೆಕ್ಕ. 111 ಎಂದಿದ್ದರೆ ಆ ಒಂದು ಟೈರ್ 1090 ಕೆಜಿ ಹೊರುತ್ತದೆ, 109 ಎಂದಿದ್ದರೆ 1030. ಗಾಡಿಯ ಜೊತೆ ಬಂದ ಸಂಖ್ಯೆಗಿಂತ ಕಡಿಮೆ ಇರುವುದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಆಮೇಲೆ ಬದಿಯಲ್ಲೇ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3224 ಎಂದರೆ 2024ರ 32ನೇ ವಾರ ತಯಾರಾದದ್ದು. ಆರು ತಿಂಗಳ ಒಳಗಿನದ್ದನ್ನೇ ಕೇಳಿ ತೆಗೆದುಕೊಳ್ಳಿ, ಕೇಳಲು ನಾಚಿಕೆ ಬೇಡ.

ಎರಡು ಮಾತ್ರ ಬದಲಿಸುತ್ತೇನೆ, ಮುಂದಿನದ್ದು ಆಮೇಲೆ ಎಂದು ದಿನಾ ಯಾರಾದರೂ ಬರುತ್ತಾರೆ. ಫೋರ್ ಬೈ ಫೋರ್‌ಗೆ ಅದು ಆಗುವುದಿಲ್ಲ. ಮುಂದೆ, ಹಿಂದೆ ಟೈರ್‌ನ ಎತ್ತರ ಬೇರೆ ಆದರೆ ನೇರ ದಾರಿಯಲ್ಲೂ ಗೇರ್ ಪೆಟ್ಟಿಗೆಗೆ ಎಳೆದಾಟ. ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಸಾಧ್ಯವಾದರೆ ಐದನೆಯದನ್ನೂ (ಸ್ಟೆಪ್ನಿ) ಅದೇ ಹಾಕಿಸಿ, ಐದನ್ನೂ ಸರದಿಯಲ್ಲಿ ತಿರುಗಿಸುತ್ತಾ ಇರಿ.

ಕಾನೂನಿನಲ್ಲಿ ಕಾರಿನ ಟೈರ್‌ನ ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂದಿದೆ. ಈ ಕಡೆಯ ಮಳೆಗೆ ನಾನು 3ಕ್ಕೆ ಬಂದಾಗಲೇ ಬದಲಿಸಿ ಎನ್ನುತ್ತೇನೆ. ಗೀರು ಸವೆದರೆ ನೀರು ಹೊರಗೆ ಹೋಗಲು ದಾರಿ ಇಲ್ಲ, 66ನೇ ಹೆದ್ದಾರಿಯಲ್ಲಿ ನಿಂತ ನೀರಿನ ಮೇಲೆ 80ರಲ್ಲಿ ಹೋದರೆ ಗಾಡಿ ತೇಲುತ್ತದೆ.

ಮುರಕಲ್ಲು, ಕಾರ್ಕಳ

ಒಂದು ಪ್ರಶ್ನೆ. ತೋಟದ ಗೇಟಿನ ಕಂಬದ ನಡುವೆ ಎಷ್ಟು ಅಗಲ ಇದೆ? ರಾಕ್ಸ್ 1870 ಮಿಲಿಮೀಟರ್ ಅಗಲ, ಅದೂ ಕನ್ನಡಿ ಬಿಟ್ಟು. ನನ್ನ ಮಾರುತಿ ಜಿಮ್ನಿ 1645. ನಮ್ಮ ದಾರಿಯಲ್ಲಿ ಎರಡೂ ಬದಿ ಮುರಕಲ್ಲಿನ ಪಾಗಾರ (ಗೋಡೆ), ಅದಕ್ಕೇ ನಾನು ಜಿಮ್ನಿ ತೆಗೆದುಕೊಂಡದ್ದು. ಉದ್ದವೂ ನೋಡಿ: ಎರಡು ಆಕ್ಸಲ್‌ಗಳ ನಡುವೆ ರಾಕ್ಸ್‌ಗೆ 2850, ಜಿಮ್ನಿಗೆ 2590. ಏರಿನ ತುದಿಯಲ್ಲಿ ಪಾರೆಯ ಅಂಚು ಎದ್ದಿದ್ದರೆ ಉದ್ದ ಗಾಡಿಯ ಹೊಟ್ಟೆ ತಾಗುತ್ತದೆ. ಜಿಮ್ನಿಯಲ್ಲಿ ಝೀಟಾ, ಆಲ್ಫಾ ಎಂಬ ಎರಡೂ ಟ್ರಿಮ್ಮಿಗೆ ಫೋರ್ ಬೈ ಫೋರ್ ಮತ್ತು ಲೋ ಗೇರ್ ಬಂದೇ ಬರುತ್ತದೆ, ಟ್ರಿಮ್ ಆರಿಸುವ ಮಂಡೆಬಿಸಿ ಇಲ್ಲ. ಆದರೆ ಅಡಿಕೆ ಚೀಲ ತುಂಬಿ, ಮನೆಯವರೂ ಕುಳಿತು, ಆಗುಂಬೆ ಹತ್ತುವುದಾದರೆ ಡೀಸೆಲ್ ರಾಕ್ಸ್‌ನ ಎಳೆತ ಇದಕ್ಕಿಲ್ಲ, ಅದನ್ನೂ ಹೇಳಬೇಕು.

ಬುಕ್ ಮಾಡುವ ಮೊದಲು ಟೇಪ್ ಹಿಡಿದು ಅಳೆಯಿರಿ.

ಕಡಲಬದಿ, ಕುಂದಾಪುರ

ಟೈರ್ ಬಗ್ಗೆ ಎಲ್ಲರೂ ಬರೆದರು, ತುಕ್ಕಿನ ಬಗ್ಗೆ ಯಾರೂ ಬರೆಯಲಿಲ್ಲ. ನನ್ನ ಮನೆಯಿಂದ ಕಡಲು 300 ಮೀಟರ್. ಹಿಂದಿನ ಗಾಡಿಯ ಚಾಸಿಸ್ (ಅಡಿಯ ಚೌಕಟ್ಟು) ಆರನೇ ವರ್ಷಕ್ಕೆ ಹಾಳಾಯಿತು, ಮೇಲೆ ಬಣ್ಣ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಗಾಡಿ ಬಂದ ತಿಂಗಳಲ್ಲೇ ಅಡಿಗೆ ತುಕ್ಕು ಹಿಡಿಯದ ಲೇಪ ಹೊಡೆಸಿ. ನೀರು ಇಳಿಯುವ ತೂತುಗಳನ್ನು ಮುಚ್ಚದ ಹಾಗೆ ಎದುರು ನಿಂತು ನೋಡಿ, ಯಾಕೆಂದರೆ ತೂತು ಮುಚ್ಚಿದರೆ ನೀರು ಒಳಗೇ ನಿಂತು ಒಳಗಿನಿಂದಲೇ ತುಕ್ಕು ಶುರುವಾಗುತ್ತದೆ. ತೋಟದಿಂದ ಬಂದ ದಿನವೇ ಪೈಪ್ ಹಿಡಿದು ಅಡಿ ತೊಳೆಯಿರಿ. ಕೆಸರು ಒಣಗಿ ಅಂಟಿಕೊಂಡರೆ ಅದು ಒದ್ದೆ ಬಟ್ಟೆ ಕಟ್ಟಿಟ್ಟ ಹಾಗೆಯೇ. ಹೊಸ ಗಾಡಿಯನ್ನು ಮಲ್ಪೆಯ ಕಡಲ ನೀರಿಗೆ ಇಳಿಸಿ ಫೋಟೋ ತೆಗೆಯುವ ಆಸೆ ಇದ್ದರೆ ದಯವಿಟ್ಟು ಬಿಡಿ.

ರಾಕ್ಸ್ ಮೊದಲು ಬಂದಾಗ ಒಳಗೆ ಬಿಳಿ ಸೀಟು ಮಾತ್ರ ಇತ್ತು. ಫೋರ್ ಬೈ ಫೋರ್‌ಗೆ ಕಂದು ಬಣ್ಣವೂ ಬಂತು. ಕೆಂಪು ಮಣ್ಣಿನ ಚಪ್ಪಲಿ, ಅಡಿಕೆಯ ಕಲೆ ಇರುವ ಮನೆಗೆ ಕಂದೇ ಆಗಬೇಕು.

ಮತ್ತೆ ನಿಮ್ಮ ಅಪ್ಪನನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಿ. ನನ್ನ ಅತ್ತೆಗೂ ಮೊಣಕಾಲು ನೋವು. ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಕಷ್ಟ ಎಂದು ಗಾಡಿ ಬಂದ ಮೇಲೆಯೇ ನಮಗೆ ಗೊತ್ತಾದದ್ದು. ಮೆಟ್ಟಿಲು ಹಾಕಿಸಿ, ಹಿಡಿದುಕೊಳ್ಳುವ ಹಿಡಿಕೆ ಅವರ ಕೈಗೆ ಸಿಗುತ್ತದಾ ಎಂದೂ ನೋಡಿ.

ಹೆಬ್ರಿದಾರಿ, ಉಡುಪಿ

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ನಿನ್ನೆ ತೋಟಕ್ಕೆ ಹೋಗಿ ಅಳೆದೆ. ಗೇಟು ಎಂಟೂವರೆ ಅಡಿ, ತೊಂದರೆ ಇಲ್ಲ. ಪಾರೆಯ ಅಂಚು ಒಂದು ಕಡೆ ಎದ್ದಿದೆ, ಅದನ್ನು ಕೆತ್ತಿಸಿ ಇಳಿಜಾರು ಮಾಡಿಸುತ್ತೇನೆ. ಎಂಎಕ್ಸ್5 ಫೋರ್ ಬೈ ಫೋರ್ ಎಂದು ಮನೆಯಲ್ಲಿ ಹೇಳಿಯಾಯಿತು.

ಎರಡು ಸಂಶಯ ಉಳಿದಿದೆ. ಟೈರ್‌ನಲ್ಲಿ ಗಾಳಿ ಎಷ್ಟಕ್ಕೆ ಇಳಿಸಬೇಕು? ರಾಕ್ಸ್ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಎನ್ನುತ್ತಾರೆ, ಹಾಗಾದರೆ ನಮ್ಮ ತೋಡು ದಾಟಬಹುದಾ?

ಕಂಗಿನತೋಟ, ಬೆಳ್ತಂಗಡಿ

ಗಾಳಿ: ಬಾಗಿಲಿನ ಹತ್ತಿರ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಡಾಮರಿಗೆ. ಮಣ್ಣಿನ ಏರಿಗೆ ನಾನು 22 ಪಿಎಸ್‌ಐವರೆಗೆ ಇಳಿಸುತ್ತೇನೆ. ಚಕ್ರ ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ. ಹಾಗೆ ಇಳಿಸಿ ಜೋರು ಓಡಿಸಬಾರದು, ಡಾಮರಿಗೆ ಬಂದ ಕೂಡಲೇ ತುಂಬಿಸಬೇಕು. ಹಾಗಾಗಿ ಒಂದು ಗಟ್ಟಿ ಕಂಪ್ರೆಸರ್, ಗಾಳಿಯ ಒತ್ತಡ ಅಳೆಯುವ ಒಂದು ಮೀಟರ್ ಗಾಡಿಯಲ್ಲೇ ಇರಲಿ. ಎಳೆಯಲು ಒಳ್ಳೆಯ ಹಗ್ಗ, ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಕೂಡ ಇರಲಿ. ಇಳಿಯುವಾಗ ಲೋ ಗೇರಿನಲ್ಲಿ ಮೊದಲನೇ ಗೇರು, ಕ್ಲಚ್ ಮುಟ್ಟಬೇಡಿ, ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ತೋಡು: 650 ಎನ್ನುವುದು ನಿಂತ ನೀರಿನ ಲೆಕ್ಕ ಎಂದು ಇಟ್ಟುಕೊಳ್ಳಿ. ಹರಿಯುವ ನೀರು ಬೇರೆ. ಬದಿಯಿಂದ ತಳ್ಳುತ್ತದೆ, ಅಡಿಯ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ತೋಡಿನಲ್ಲಿ ಒಂದು ಮುರಕಲ್ಲಿನ ಕಂಬ ನೆಟ್ಟು, ಮೊಣಕಾಲಿಗಿಂತ ಕೆಳಗೆ ಒಂದು ಬಿಳಿ ಗೆರೆ ಎಳೆಯಿರಿ. ಗೆರೆ ಮುಳುಗಿದರೆ ಅಥವಾ ನೀರು ಕೆಂಪಾಗಿ ಸೆಳೆತ ಕಂಡರೆ ಗಾಡಿ ಈಚೆಗೇ ನಿಲ್ಲಲಿ. ಘಟ್ಟದ ಮೇಲೆ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ತೋಡು ಏರುತ್ತದೆ, ನಿಮಗೆ ಗೊತ್ತಿದ್ದದ್ದೇ. ಒಳಗೆ ಹೋದ ಮೇಲೆ ನೀರು ಏರಿದರೆ ಆ ರಾತ್ರಿ ತೋಟದ ಮನೆಯಲ್ಲೇ ಉಳಿಯಿರಿ. ಅಕ್ಕಿ, ಒಣ ಕಟ್ಟಿಗೆ ಅಲ್ಲಿ ಇಟ್ಟಿರಿ.

ಹೆಬ್ರಿದಾರಿ, ಉಡುಪಿ

ಗೆರೆಯ ವಿಷಯ ಅಪ್ಪನಿಗೆ ಓದಿ ಹೇಳಿದೆ. ಕಂಬ ನೆಡುವ ಜಾಗ ಅವರೇ ತೋರಿಸುತ್ತಾರಂತೆ, ಹಿಂದೆ ಒಂದು ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಎಂದು ಅವರಿಗೆ ನೆನಪಿದೆ. ಶನಿವಾರ ಅವರನ್ನು ಕರೆದುಕೊಂಡು ಗಾಡಿ ಓಡಿಸಿ ನೋಡಲು ಹೋಗುತ್ತಿದ್ದೇನೆ. ಕಂದು ಸೀಟಿನದ್ದೇ ಕೇಳುತ್ತೇನೆ.