ಪುಟ್ಟಿ ಕೇಳಿದ್ದಕ್ಕೆ ದೊಡ್ಡಮ್ಮನ ಉತ್ತರ, ಸ್ವಲ್ಪ ಉದ್ದ ಆಯ್ತು

ಪುಟ್ಟೀ, ನಿನ್ ಮೆಸೇಜು ಈಗ ನೋಡ್ದೆ ಕಣೆ. ಮನೇಲಿ ನೆಟ್‌ವರ್ಕ್ ಸಿಗಲ್ಲ ಅಂತ ಎಲ್ಲರಿಗೂ ಗೊತ್ತಲ್ಲ, ಗುಡ್ಡದ ಮೇಲೆ ಗೇರು ಮರದ ಹತ್ರ ನಿಂತು ಮಾತಾಡ್ತಿದೀನಿ, ಗಾಳಿ ಸದ್ದು ಬಂದ್ರೆ ಬೇಜಾರ್ ಮಾಡ್ಕೋಬೇಡಿ.

ವಿನೋಬನಗರದ ನಿಮ್ಮನೆ ಮಹಡಿ ಮೇಲಿನ ಮನೇಲಿ ದಿನಾ ರಾತ್ರಿ ಗಂಡ ಹೆಂಡ್ತಿಗೆ ಹೊಡೆಯೋ ಸದ್ದು ಕೇಳ್ತದೆ, ಆ ಹುಡುಗಿ ಬೆಳಿಗ್ಗೆ ಬಟ್ಟೆ ಹರವೋವಾಗ ಮುಖ ತಿರುಗಿಸ್ಕೊಂಡು ಹೋಗ್ತಾಳೆ, ಎಂತ ಮಾಡೋದು ದೊಡ್ಡಮ್ಮ ಅಂತ ಕೇಳಿದೀಯ. ಅದ್ರ ಕೆಳಗೆ ನಮ್ಮ ಮನೆಯವ್ರ ಗ್ರೂಪಲ್ಲಿ ಇವ್ರೆಲ್ಲ ಹಾಕಿದ್ದೂ ಓದ್ದೆ. ಒಬ್ರು ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತಾರೆ. ಉಂಡು ಮಲಗಿದ್ಮೇಲೇ ಅಲ್ವಾ ಅಲ್ಲಿ ಶುರು ಆಗ್ತಿರೋದು? ಇನ್ನು ಭಾವ, ನಾಲ್ಕು ಜನ ಗಂಡಸ್ರು ಹೋಗಿ ಅವನನ್ನ ಕೂರಿಸಿ ಬುದ್ಧಿ ಹೇಳ್ತೀವಿ ಅಂತ ಹಾಕಿದಾರೆ. ಭಾವ, ನೀವು ದೊಡ್ಡೋರು, ನಿಮ್ ಮನ್ಸು ಒಳ್ಳೇದು, ಆದ್ರೆ ಬೇಡ. ಅವಳನ್ನ ಕೇಳದೆ ಅವನ ಹತ್ರ ಹೋಗ್ಬೇಡಿ.

ಎಂತಕ್ಕೆ ಹೇಳ್ತಿದೀನಿ ಅಂದ್ರೆ ನಾನು ಮಾಡಿದ ತಪ್ಪು ಅದೇ. ನಾವು ಹಳೇ ಮನೇಲಿದ್ದಾಗ ಹಳ್ಳದ ಆಚೆ ಮನೆ ಹೆಂಗಸು, ಯಾರು ಅಂತ ನಿಮಗೆ ಗೊತ್ತು, ಹೆಸ್ರು ಬೇಡ. ಆಷಾಢದ ಮಳೆ, ಸಂಜೆ ಹೊತ್ತು, ಕರೆಂಟಿಲ್ಲ, ಮಗೂನ ಸೊಂಟಕ್ಕೆ ಕಟ್ಕೊಂಡು ಹಿಂದಿನ ಬಾಗ್ಲಿಗೆ ಬಂದ್ಲು. ಎಡಗೈ ಮಣಿಕಟ್ಟು ಇಷ್ಟು ದಪ್ಪ ಊದಿ, ಬಳೆಗಳು ಚರ್ಮದೊಳಗೆ ಹೂತು ಕೂತಿದ್ವು. ಸಂಕ ದಾಟೋವಾಗ ಜಾರಿದೆ ಅಕ್ಕ ಅಂದ್ಲು. ಆ ಸಂಕ ಅಂದ್ರೆ ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ ಅಷ್ಟೆ, ಆದ್ರೆ ದಿನಾ ತಲೆ ಮೇಲೆ ಹುಲ್ಲಿನ ಹೊರೆ ಇಟ್ಕೊಂಡು, ಕೈ ಬಿಟ್ಟು ಓಡಾಡೋಳು ಅವಳು. ಅವಳು ಜಾರಲ್ಲ ಅಂತ ನನಗೆ ಗೊತ್ತಿತ್ತು, ನನಗೆ ಗೊತ್ತು ಅಂತ ಅವಳಿಗೂ ಗೊತ್ತಿತ್ತು. ಸೋಪು ನೀರು ಹಚ್ಚಿ ಒಂದೊಂದೇ ಬಳೆ ತೆಗೆದೆ, ಎರಡು ಬರಲೇ ಇಲ್ಲ, ಒಡೆದೆ. ಕಾಫಿ ಕೊಟ್ಟೆ. ಆಮೇಲೆ ಬಾಯಿ ಬಿಟ್ಟು ಎಲ್ಲ ಹೇಳಿದ್ಲು.

ಅಲ್ಲಿಗೆ ಸುಮ್ಮನಿರದೆ ನಾನು ರಾತ್ರಿ ನಿಮ್ಮ ದೊಡ್ಡಪ್ಪನ ಹತ್ರ ಹೇಳ್ದೆ. ಅವ್ರು ಇನ್ನಿಬ್ರು ಹಿರೀಕರನ್ನ ಕರ್ಕೊಂಡು ಹೋದ್ರು. ಅವನು ಜಗಲಿ ಮೇಲೆ ಕೂರಿಸಿ, ಎಲೆ ಅಡಿಕೆ ಕೊಟ್ಟು, ಕೈ ಮುಗಿದು, ತಪ್ಪಾಯ್ತು ಇನ್ನು ಮುಟ್ಟಲ್ಲ ಅಂತ ದೇವರ ಮೇಲೆ ಆಣೆ ಇಟ್ಟ. ಇವ್ರೆಲ್ಲ ಖುಷೀಲಿ ವಾಪಸ್ ಬಂದ್ರು. ಅವತ್ತು ರಾತ್ರಿ ಅವನು ಕೇಳಿದ್ದು ಒಂದೇ ಅಂತೆ, ಯಾರಿಗೆ ಹೇಳ್ದೆ ಅಂತ. ಆಮೇಲೆ ಅವಳು ನಮ್ಮನೆಗೆ ಬರೋದೇ ನಿಂತ್ಹೋಯ್ತು. ಆ ಕೈ ನೆಟ್ಟಗೆ ಕೂಡ್ಲಿಲ್ಲ, ಸುಗ್ಗೀಲಿ ಅಡಿಕೆ ಸುಲಿಯೋಕೆ ಎಲ್ಲರಿಗಿಂತ ಮುಂದಿದ್ದೋಳು ಮರುವರ್ಷ ಕಾಯಿ ಹಿಡಿಯೋಕೇ ಆಗ್ದೆ ಸಿಪ್ಪೆ ಗುಡಿಸ್ತಾ ಕೂತಿದ್ಲು. ಅದಕ್ಕೇ ಭಾವ, ಇನ್ನೊಂದ್ಸಲ ಹೇಳ್ತೀನಿ, ಅವಳನ್ನ ಕೇಳದೆ ಅವನ ಹತ್ರ ಹೋಗ್ಬೇಡಿ. ನೀವು ಬುದ್ಧಿ ಹೇಳಿ ಮನೆಗೆ ಬಂದು ಮಲಗ್ತೀರಿ, ಬಾಗ್ಲು ಹಾಕಿದ್ಮೇಲೆ ಒಳಗಿರೋಳು ಅವಳು.

ತವರಿಗೆ ಹೋಗ್ಬೋದಿತ್ತಲ್ಲ ಅಂತೀರಿ. ಹೋದ್ಲಪ್ಪ, ಹೋದ್ಲು. ಅಣ್ಣಂದಿರು ಎಂಟು ದಿನ ಇಟ್ಕೊಂಡು ಸೀರೆ ಉಡಿಸಿ ಕಳಿಸಿದ್ರು. ತವರಲ್ಲಿ ಒಂದು ಕೋಣೆ ನಿಂದು ಅಂತ ಯಾವ ಹೆಣ್ಣಿಗೆ ಹೇಳಿದಾರೆ? ಈ ಗ್ರೂಪಲ್ಲೇ ಇದಾರೆ ನಮ್ಮಣ್ಣಂದಿರು, ಕೇಳಿಸ್ಕೊಳ್ಳಿ. 2005ರಲ್ಲಿ ಹೆಣ್ಮಕ್ಕಳಿಗೂ ಸಮಪಾಲು ಅಂತ ಕಾನೂನು ಬಂತು, ಮರುವರ್ಷವೇ ನನ್ನ ತೀರ್ಥಹಳ್ಳಿಗೆ ಕರ್ಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ರಿ. ಒಂದು ಸೀರೆ, ಒಂದು ಮಸಾಲೆ ದೋಸೆ. ದೋಸೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ತೋಟ ಬೇಕು ಅಂತಲ್ಲ ಮಾರಾಯ್ರೆ, ಕೇಳ್ಬೋದಿತ್ತು ಒಂದ್ಮಾತು. ಈಗ ಹಬ್ಬಕ್ಕೆ ತಂಗಿ ಬರ್ಲಿಲ್ಲ ಅಂತ ಸ್ಟೇಟಸ್ ಹಾಕ್ತೀರಿ.

ಅಯ್ಯೋ, ಪುಟ್ಟಿ ಕೇಳಿದ್ದೇ ಬೇರೆ ನಾನ್ ಹೇಳ್ತಿರೋದೇ ಬೇರೆ. ಅದೇ 2005ರಲ್ಲಿ ಇನ್ನೊಂದು ಕಾನೂನೂ ಬಂತು ಕಣೆ, ಕೌಟುಂಬಿಕ ದೌರ್ಜನ್ಯದ್ದು, ಅಂಗನವಾಡೀಲಿದ್ದಾಗ ಮೀಟಿಂಗಲ್ಲಿ ಹೇಳಿಕೊಟ್ಟಿದ್ರು. ಹೊಡೆಯೋದೊಂದೇ ಅಲ್ಲ, ಬಾಯಿಗೆ ಬಂದಂಗೆ ಬೈಯೋದು, ಖರ್ಚಿಗೆ ಕೊಡದೆ ಸತಾಯಿಸೋದು ಎಲ್ಲ ಅದ್ರಲ್ಲಿ ಬರ್ತದೆ. ಮನೆ ಅವಳ ಹೆಸ್ರಲ್ಲಿ ಇಲ್ದಿದ್ರೂ ಅವಳನ್ನ ಸುಮ್ನೆ ಎಳೆದು ಹೊರಗೆ ಹಾಕೋ ಹಾಗಿಲ್ಲ. ಇದಕ್ಕೆ ರಕ್ಷಣಾಧಿಕಾರಿ ಅಂತ ಇರ್ತಾರೆ, ನಮ್ಮ ಕಡೆ ಸಿಡಿಪಿಒ, ಅಂದ್ರೆ ಅಂಗನವಾಡಿ ನೋಡ್ಕೊಳ್ಳೋ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವ್ರ ಆಫೀಸಲ್ಲಿ ಕೇಳಿದ್ರೆ ಆಯ್ತು. ಪಕ್ಕದ ಮನೆಯವ್ರೂ ಹೋಗಿ ತಿಳಿಸ್ಬೋದು, ಒಳ್ಳೇ ಮನಸ್ಸಿಂದ ತಿಳಿಸಿದ್ರೆ ನಿನ್ ಮೇಲೆ ಕೇಸ್ ಬರಲ್ಲ, ಹೆದರ್ಬೇಡ.

ನೀನು ಮಾಡ್ಬೇಕಾದ್ದು ಕೇಳು. ಅವನು ಡ್ಯೂಟಿಗೆ ಹೋದ್ಮೇಲೆ ಮೊಸರಿಗೆ ಹೆಪ್ಪು ಬೇಕಿತ್ತು ಅಂತ ಲೋಟ ಹಿಡ್ಕೊಂಡು ಹೋಗು. ಮೊದಲ ದಿನವೇ ಕೇಳ್ಬೇಡ, ಎರಡು ಮೂರು ಸಲ ಹೋಗು. ಆಮೇಲೆ ರಾತ್ರಿ ಸದ್ದು ಕೇಳ್ತದೆ, ನಾನಿದೀನಿ ಅಂತ ಅಷ್ಟೇ ಹೇಳು, ಬಿಟ್ಟು ಬಾ ಅನ್ಬೇಡ, ಹೊಂದ್ಕೊಂಡು ಹೋಗು ಅಂತಂತೂ ಸತ್ರೂ ಅನ್ಬೇಡ. 181 ಅಂತ ಮಹಿಳಾ ಸಹಾಯವಾಣಿ ಇದೆ, ಹಗಲು ರಾತ್ರಿ ಎತ್ತುತಾರೆ, ಇಂಥ ಹೆಂಗಸ್ರಿಗೆ ಸಹಾಯ ಮಾಡೋ ಸರ್ಕಾರದ ಸಖಿ ಕೇಂದ್ರ ಎಲ್ಲಿದೆ ಅಂತಾನೂ ಅಲ್ಲೇ ಹೇಳ್ತಾರೆ, ಅಲ್ಲಿ ನಾಲ್ಕೈದು ದಿನ ಉಳಿಯೋಕೂ ಜಾಗ ಇರ್ತದೆ. ಲಾಯರ್‌ಗೆ ದುಡ್ಡಿಲ್ಲ ಅಂದ್ರೆ ಕಾನೂನು ಸೇವಾ ಪ್ರಾಧಿಕಾರದ್ದು 15100, ಹೆಂಗಸ್ರಿಗೆ ಆದಾಯ ನೋಡಲ್ಲ, ಫ್ರೀ. ಆಸ್ಪತ್ರೆಗೆ ಹೋದ್ರೆ ಬಿದ್ದೆ ಅನ್ಬೇಡ, ಹೊಡೆದ ಅಂತಾನೇ ಬರೆಸು ಅನ್ನು, ನಾಳೆ ಕೋರ್ಟಲ್ಲಿ ಆ ಚೀಟಿ ಬೇಕಾಗ್ತದೆ. ಅವಳ ಆಧಾರು, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ನಿನ್ ಹತ್ರ ಇಟ್ಕೋ. ರಾತ್ರಿ ಕೂಗಾಟ ಜೋರಾದ್ರೆ ಮಾತ್ರ ಹೆಪ್ಪು ಗಿಪ್ಪು ಅಂತ ಕಾಯ್ಬೇಡ, ಯಾರನ್ನೂ ಕೇಳ್ಬೇಡ, ಸೀದಾ 112.

ಮಳೆ ಬಂತು, ಇಳೀತೀನಿ. ಪುಟ್ಟಿ, ಇದನ್ನ ಆ ಹುಡುಗಿಗೆ ಫಾರ್ವರ್ಡ್ ಮಾಡಿಬಿಟ್ಟೀಯ ಮತ್ತೆ, ಅವಳ ಫೋನು ಅವನೂ ನೋಡ್ತಿರ್ಬೋದು. ಬಾಯಲ್ಲೇ ಹೇಳು.