ಇಂಗ್ಲಿಷ್ ಕ್ರಿಯಾಪದಗಳ ಭೂತಕಾಲ: ಬಾಯಿಪಾಠವಲ್ಲದೆ ಬೇರೆ ದಾರಿ ಇದೆಯೇ?

ಪ್ರಶ್ನೆ (ಒಬ್ಬ ತಂದೆ)

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಆರನೆಯ ತರಗತಿಯಲ್ಲಿರುವ ಮಗಳಿಗೆ ಮನೆಯಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ‘ವಾಕ್’ ಎಂಬುದು ‘ವಾಕೆಡ್’ ಆಗುವುದಾದರೆ ‘ಗೋ’ ಎಂಬುದು ‘ಗೋಡ್’ ಏಕಾಗಬಾರದು, ‘ವೆಂಟ್’ ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ನಮಗೆ ವಿ ಒನ್, ವಿ ಟೂ, ವಿ ತ್ರೀ (ಮೂಲರೂಪ, ಭೂತಕಾಲ, ಕೃದಂತ) ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರೇ ಹೊರತು ಕಾರಣವನ್ನು ಯಾರೂ ಹೇಳಿರಲಿಲ್ಲ. ಅಲ್ಲದೆ, ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುವ ಅವಳೇ ವಾಕ್ಯ ಬರೆಯುವಾಗ ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯುತ್ತಾಳೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಶಿಕ್ಷಕ)

ಕೊನೆಯ ತಪ್ಪಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಮದ್ದು ಕನ್ನಡದಲ್ಲೇ ಇದೆ. ‘ಹೋದಳು’ ಎಂಬುದರ ನಿಷೇಧ ರೂಪ ‘ಹೋಗಲಿಲ್ಲ’. ಅಲ್ಲಿ ‘ಹೋದ’ ಎಂಬ ಭೂತಕಾಲದ ರೂಪ ಮರೆಯಾಗಿ ‘ಹೋಗು’ ಎಂಬ ಧಾತುವೇ ಮರಳಿ ಬರುತ್ತದೆ, ‘ಹೋದಲಿಲ್ಲ’ ಎಂದು ಯಾರೂ ಹೇಳುವುದಿಲ್ಲ. ‘ಡಿಡ್ ನಾಟ್ ಗೋ’ ಎಂಬುದರಲ್ಲೂ ಕಾಲದ ಹೊರೆಯನ್ನು ‘ಡಿಡ್’ ಹೊತ್ತಿರುವುದರಿಂದ ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಉಳಿಯುತ್ತದೆ. ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ನೆರವಿಗೆ ಬಾರದು: ನಾವು ‘ಹೋದಳೇ?’ ಎನ್ನುತ್ತೇವೆ, ಅವರು ‘ಡಿಡ್ ಷಿ ಗೋ?’ ಎನ್ನುತ್ತಾರೆ.

ಇನ್ನು ಪಟ್ಟಿಯ ವಿಚಾರ. ಅದನ್ನು ಅಕಾರಾದಿಯಾಗಿ ಕಲಿಸುವುದು ನನ್ನ ದೃಷ್ಟಿಯಲ್ಲಿ ಶುದ್ಧ ಕಾಲಹರಣ. ಧ್ವನಿಯ ಪ್ರಕಾರ ಗುಂಪು ಮಾಡಬೇಕು. ‘ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಫೀಲ್–ಫೆಲ್ಟ್, ಮೀಟ್–ಮೆಟ್’ ಎಂಬಲ್ಲಿ ದೀರ್ಘಸ್ವರ ಹ್ರಸ್ವವಾಗಿದೆ. ‘ಬೀಳು–ಬಿದ್ದ, ಏಳು–ಎದ್ದ, ಕಾಣು–ಕಂಡ, ಸಾಯು–ಸತ್ತ’ ಎಂದು ಪಕ್ಕದಲ್ಲಿ ಬರೆದು ತೋರಿಸಿದರೆ ಮಗು ತಾನಾಗಿಯೇ ನಗುತ್ತದೆ. ‘ರೀಡ್’ ಕೂಡ ಇದೇ ಗುಂಪಿನದು; ಅದರ ಭೂತಕಾಲದ ಕಾಗುಣಿತ ಬದಲಾಗದಿದ್ದರೂ ಉಚ್ಚಾರಣೆ ‘ರೆಡ್’ ಎಂದಾಗುತ್ತದೆ. ‘ಸಿಂಗ್–ಸ್ಯಾಂಗ್–ಸಂಗ್’ ಜೊತೆ ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಸೇರುತ್ತವೆ, ಆದರೆ ‘ಬ್ರಿಂಗ್’ ಸೇರದು; ಅದು ‘ಬ್ರಾಟ್’ ಆಗಿ, ಥಾಟ್, ಬಾಟ್, ಟಾಟ್, ಕಾಟ್‌ಗಳ ಸಾಲಿಗೆ ಹೋಗುತ್ತದೆ. ಕಟ್, ಪುಟ್, ಹಿಟ್, ಷಟ್‌ಗಳಂತೂ ಬದಲಾಗುವುದೇ ಇಲ್ಲ. ‘ಹಿ ಪುಟ್ಸ್’ ಎಂದರೆ ಇಡುತ್ತಾನೆ, ‘ಹಿ ಪುಟ್’ ಎಂದರೆ ಇಟ್ಟನು.

ಉತ್ತರ 2 (ಭಾಷಾಶಾಸ್ತ್ರದ ವಿದ್ಯಾರ್ಥಿನಿ)

ನಿಯಮಿತ ಕ್ರಿಯಾಪದಗಳ ಬಗ್ಗೆ ಒಂದು ತಿದ್ದುಪಡಿ: ‘ವಾಕೆಡ್’ ಎಂಬ ಉಚ್ಚಾರಣೆ ಸರಿಯಲ್ಲ. ಕಾಗುಣಿತದಲ್ಲಿ ‘ಇ, ಡಿ’ ಎಂಬ ಅಕ್ಷರಗಳಿದ್ದರೂ ಮೂಲಪದದ ಕೊನೆಯ ಧ್ವನಿ ಅಘೋಷವಾಗಿದ್ದರೆ (ಎಂದರೆ ಗಂಟಲು ಕಂಪಿಸದೆ ಹೊರಡುವಂಥದ್ದಾದರೆ) ‘ಟ್’ ಕೇಳಿಸುತ್ತದೆ: ವಾಕ್ಟ್, ವಾಷ್ಟ್, ಲಾಫ್ಟ್. ಗಂಟಲು ಕಂಪಿಸುವ ಘೋಷಧ್ವನಿಯೋ ಸ್ವರವೋ ಇದ್ದರೆ ‘ಡ್’: ಕಾಲ್ಡ್, ಓಪನ್ಡ್, ಪ್ಲೇಡ್. ಪದ ‘ಟ್’ ಅಥವಾ ‘ಡ್’ ಧ್ವನಿಯಲ್ಲಿ ಮುಗಿದರೆ ಮಾತ್ರ ನಡುವೆ ಸ್ವರ ಸೇರಿ ವಾಂಟೆಡ್, ನೀಡೆಡ್ ಎಂದಾಗುತ್ತದೆ.

‘ವೆಂಟ್’ ವಿಚಾರಕ್ಕೆ ಬಂದರೆ, ಅದು ಮೂಲತಃ ‘ಗೋ’ ಪದದ ಮನೆಯದಲ್ಲ. ಸೆಂಡ್–ಸೆಂಟ್, ಬೆಂಡ್–ಬೆಂಟ್ ಇರುವಂತೆ ‘ಸಾಗು’ ಎಂಬರ್ಥದ ‘ವೆಂಡ್’ ಎಂಬ ಕ್ರಿಯಾಪದಕ್ಕೆ ‘ವೆಂಟ್’ ಭೂತಕಾಲವಾಗಿತ್ತು. ‘ಗೋ’ ಪದದ ಹಳೆಯ ಭೂತಕಾಲ ಬಳಕೆಯಿಂದ ಬಿದ್ದುಹೋಗಿ, ಸುಮಾರು 15ನೆಯ ಶತಮಾನದ ಹೊತ್ತಿಗೆ ಆ ಸ್ಥಾನಕ್ಕೆ ‘ವೆಂಟ್’ ಬಂದು ಕೂತಿತು. ‘ವೆಂಡ್’ ತನಗಾಗಿ ‘ವೆಂಡೆಡ್’ ಎಂಬ ಹೊಸ ರೂಪ ಮಾಡಿಕೊಂಡಿತು. ಅಪರೂಪದ ಅನಿಯಮಿತ ರೂಪಗಳು ಕ್ರಮೇಣ ನಿಯಮಕ್ಕೆ ಒಳಪಡುವುದುಂಟು. ದಿನನಿತ್ಯ ನಾಲಿಗೆಯ ಮೇಲಿರುವ ರೂಪಗಳೇ ಹೆಚ್ಚಾಗಿ ಹಾಗೆಯೇ ಉಳಿಯುತ್ತವೆ, ಆದರೂ ‘ಹೆಲ್ಪ್’ನಂತಹ ಪದವೂ ಬದಲಾಗಿದೆ: 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಅದರ ಕೃದಂತ (ವಿ ತ್ರೀ ರೂಪ) ‘ಹೋಲ್ಪನ್’ ಎಂದಿದೆ, ಇಂದು ‘ಹೆಲ್ಪ್ಟ್’ ಎನ್ನುತ್ತೇವೆ. ಹೊಸದಾಗಿ ಹುಟ್ಟುವ ‘ಗೂಗಲ್’ನಂಥವು ನೇರವಾಗಿ ನಿಯಮಿತ ಸಾಲಿಗೇ ಸೇರುತ್ತವೆ; ನಾವೂ ‘ಟೈಪಿಸಿದ’ ಎಂದು ‘ಇಸು’ ಹಚ್ಚುತ್ತೇವಲ್ಲವೇ? ಆದ್ದರಿಂದ ‘ಗೋಡ್’ ಎಂದ ನಿಮ್ಮ ಮಗಳು ನಿಯಮವನ್ನು ಗ್ರಹಿಸಿದ್ದಾಳೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಹೀಗೆಯೇ ಹೇಳುತ್ತಾರೆ.

ಮೂಲ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ‘ಹೋಗಲಿಲ್ಲ’ ಉದಾಹರಣೆ ಅವಳಿಗೆ ತಕ್ಷಣ ಹಿಡಿಸಿತು. ಈಗ ‘ಲೈ’ ಮತ್ತು ‘ಲೇ’ ಬಗ್ಗೆ ನನಗೇ ಗೊಂದಲವಾಗಿದೆ, ಮೇಷ್ಟ್ರೇ.

ಉತ್ತರ 1 (ನಿವೃತ್ತ ಶಿಕ್ಷಕ)

ಅದರಲ್ಲಿ ಇಂಗ್ಲಿಷರೇ ಎಡವುತ್ತಾರೆ, ತಾವು ಸಂಕೋಚಪಡಬೇಕಾಗಿಲ್ಲ. ‘ಮಲಗು’ ಎಂಬರ್ಥದ ‘ಲೈ’ ಭೂತಕಾಲದಲ್ಲಿ ‘ಲೇ’ ಆಗುತ್ತದೆ, ‘ಮಲಗಿಸು, ಇಡು’ ಎಂಬರ್ಥದ ‘ಲೇ’ ಭೂತಕಾಲದಲ್ಲಿ ‘ಲೇಡ್’ ಆಗುತ್ತದೆ, ‘ಸುಳ್ಳು ಹೇಳು’ ಎಂಬ ‘ಲೈ’ ಮಾತ್ರ ನಿಯಮದಂತೆ ‘ಲೈಡ್’. ಮುಂದೆ ಕರ್ಮಪದ ಇದ್ದರೆ ‘ಲೇಡ್’ ಬರೆಯಲು ಹೇಳಿ: ಮಗುವನ್ನು ಮಲಗಿಸಿದಳು ಎಂದರೆ ‘ಲೇಡ್’, ತಾನೇ ಮಲಗಿದಳು ಎಂದರೆ ‘ಲೇ’.