ರಾತ್ರಿ 10 ದಾಟಿದ್ರೆ ಅಪಾರ್ಟ್‌ಮೆಂಟಿನ ಮೇನ್ ಟ್ರಿಪ್, ಲೋಡ್ ಲೆಕ್ಕ ಮಾತ್ರ ಸರಿಯಾಗೇ ಇದೆ!

ಖಜಾಂಚಿ_ಜೆಪಿನಗರ
ನಮಸ್ಕಾರ. ಬೆಂಗಳೂರಲ್ಲಿ 14 ಮನೆಗಳ ಹಳೇ ಅಪಾರ್ಟ್‌ಮೆಂಟ್ ನಮ್ಮದು. ಈಗ 6 ಇವಿ ಕಾರುಗಳಿವೆ. ನಾಲ್ಕಕ್ಕೆ 7.2 ಕಿಲೋವ್ಯಾಟ್ ಚಾರ್ಜರ್, ಇನ್ನೆರಡು 15 ಆಂಪಿಯರ್ ಸಾಕೆಟ್ಟಲ್ಲೇ ಚಾರ್ಜ್ ಆಗುತ್ತೆ. ಅವರವರ ಮನೆ ಮೀಟರಿಂದಲೇ ಪಾರ್ಕಿಂಗಿಗೆ ಲೈನ್ ಇಳಿಸಿಕೊಂಡಿದಾರೆ. ಸಂಜೆ ಎಲ್ಲ ಕಡೆ ಲೋಡ್ ಜಾಸ್ತಿ, ಆ ಹೊತ್ತಲ್ಲಿ ಚಾರ್ಜಿಗೆ ಹಾಕಬೇಡಿ ಅಂತ ಗ್ರೂಪಲ್ಲಿ ಬರೆದವನು ನಾನೇ. ಎಲ್ರೂ ಒಳ್ಳೇ ಮಕ್ಕಳ ಥರ ಟೈಮರ್ ಸರಿಯಾಗಿ 10 ಗಂಟೆಗೆ ಇಟ್ಕೊಂಡ್ರು. ಅಲ್ಲಿಂದ ಶುರು ನೋಡಿ ತಾಪತ್ರಯ.

10ಕ್ಕೆ ಏನೂ ಆಗಲ್ಲ. 10:15, 10:20ರ ಹೊತ್ತಿಗೆ ಇಡೀ ಬಿಲ್ಡಿಂಗ್ ಕತ್ತಲು. ವಾಚ್‌ಮನ್ ಹೋಗಿ ಎತ್ತಿದ್ರೆ ಐದು ನಿಮಿಷ ನಿಲ್ಲುತ್ತೆ, ಮತ್ತೆ ಬೀಳುತ್ತೆ. ಮೇನ್ ಇರೋದು 100 ಆಂಪಿಯರಿನ ತ್ರೀ ಫೇಸ್ ಎಂಸಿಸಿಬಿ (ಇಡೀ ಬಿಲ್ಡಿಂಗಿನ ದೊಡ್ಡ ಬ್ರೇಕರ್), ಅಂದ್ರೆ 69 ಕಿಲೋವ್ಯಾಟ್ ತಡೀಬೇಕು. ಆರೂ ಕಾರು ಒಟ್ಟಿಗೆ ಎಳೆದರೂ 36. ಮನೆಗಳದ್ದೆಲ್ಲ ಸೇರಿ ಆ ಹೊತ್ತಲ್ಲಿ 20 ದಾಟಲ್ಲ. ಮತ್ಯಾಕೆ ಬೀಳುತ್ತೆ? ನಮ್ಮ ಎಲೆಕ್ಟ್ರಿಷಿಯನ್ "ತೆಗೆದು 125 ಹಾಕ್ಬಿಡೋಣ ಸಾರ್" ಅಂತಿದಾನೆ.

ಹಳೇ_ಟಿಸಿ
125 ಹಾಕಿಸಬೇಡಿ. ಬ್ರೇಕರ್ ಇರೋದು ಅದರ ಹಿಂದಿನ ಕೇಬಲ್ ಉಳಿಸೋಕೆ. ಕೇಬಲ್ ಹಾಗೇ ಬಿಟ್ಟು ಬ್ರೇಕರ್ ಮಾತ್ರ ದೊಡ್ಡದು ಮಾಡಿದ್ರೆ, ಮುಂದಿನ ಸಲ ಟ್ರಿಪ್ ಆಗೋದು ಬ್ರೇಕರ್ ಅಲ್ಲ, ಕೇಬಲ್.

ನಿಮ್ಮ ಲೆಕ್ಕ ಒಟ್ಟು ಕಿಲೋವ್ಯಾಟಿನದು. ಬ್ರೇಕರಿಗೆ ಒಟ್ಟು ಗೊತ್ತಿಲ್ಲ, ಒಂದೊಂದು ಫೇಸನ್ನೂ, ಅಂದ್ರೆ ಕರೆಂಟ್ ತರೋ ಮೂರು ತಂತೀಲಿ ಒಂದೊಂದನ್ನೂ, ಬೇರೆ ಬೇರೆ ನೋಡುತ್ತೆ. ಮನೆಗಳೆಲ್ಲ ಸಿಂಗಲ್ ಫೇಸಾ? ಯಾವ ಕಾರು ಯಾವ ಫೇಸಲ್ಲಿದೆ? ರಾತ್ರಿ 10:10ಕ್ಕೆ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕೈಲಿ ಟಾಂಗ್ ಟೆಸ್ಟರ್ (ತಂತಿ ಸುತ್ತ ಹಿಡಿದು ಆಂಪಿಯರ್ ಅಳೆಯೋ ಮೀಟರ್) ಹಾಕಿಸಿ ರೀಡಿಂಗ್ ತಗೊಳ್ಳಿ. ಆರ್, ವೈ, ಬಿ ಅನ್ನೋ ಮೂರು ಫೇಸು, ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್. ನಾಲ್ಕೂ ಬೇಕು.

ಖಜಾಂಚಿ_ಜೆಪಿನಗರ
ಸಾರ್, ನಿನ್ನೆ ರಾತ್ರಿದು: ಆರ್ 138 ಆಂಪಿಯರ್, ವೈ 52, ಬಿ 44. ನ್ಯೂಟ್ರಲ್ 90. ಮನೆಗಳೆಲ್ಲ ಸಿಂಗಲ್ ಫೇಸೇ. 7.2ರ ಮೂರು ಚಾರ್ಜರ್ ಆರ್ ಮೇಲೇ ಕೂತಿವೆ. ಆಗ ಆರ್ ಫೇಸಲ್ಲಿ ವೋಲ್ಟೇಜ್ 207, ಬಿ ಫೇಸಲ್ಲಿ 241 ಇತ್ತು.

ಹಳೇ_ಟಿಸಿ
ಸಿಕ್ತಲ್ಲ. 7.2ರ ಒಂದು ಚಾರ್ಜರ್ ಎಳೆಯೋದು 32 ಆಂಪಿಯರ್, ಮೂರು 32 ಅಂದ್ರೆ 96, ಮೇಲೆ ಆ ಫೇಸಿನ ಮನೆಗಳ ಫ್ಯಾನು, ಎಸಿ, ಫ್ರಿಜ್ಜು ಎಲ್ಲ ಸೇರಿ 42. 100ರ ಬ್ರೇಕರ್ ಮೇಲೆ 138 ಹೋದ್ರೆ ತಕ್ಷಣ ಬೀಳಲ್ಲ, ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಗ್ಗೋಕೆ ಹತ್ತು ಹದಿನೈದು ನಿಮಿಷ ಬೇಕು. ವಾಚ್‌ಮನ್ ಎತ್ತಿದಾಗ ಪಟ್ಟಿ ಇನ್ನೂ ಆರಿರಲ್ಲ, ಅದಕ್ಕೇ ಎರಡನೇ ಸಲ ಬೇಗ ಬೀಳೋದು.

ನನಗೆ ಹೆದರಿಕೆ ಇರೋದು ನ್ಯೂಟ್ರಲ್ ಬಗ್ಗೆ. ಮೂರೂ ಫೇಸ್ ಸಮ ಇದ್ರೆ ಅಲ್ಲಿ ಹೆಚ್ಚುಕಮ್ಮಿ ಏನೂ ಹರಿಯಬಾರದು. 90 ಹರೀತಿದೆ. ಹಳೇ ಬಿಲ್ಡಿಂಗಲ್ಲಿ ನ್ಯೂಟ್ರಲ್ ತಂತಿ ಫೇಸಿಗಿಂತ ಸಣ್ಣದಿರೋದೂ ಉಂಟು. ನ್ಯೂಟ್ರಲ್ ಕಿತ್ತುಕೊಂಡ್ರೆ ಲೋಡ್ ಕಮ್ಮಿ ಇರೋ ಫೇಸಿನ ಮನೆಗಳಿಗೆ 300 ವೋಲ್ಟ್ ದಾಟಿ ಹೋಗಬಹುದು, ಟಿವಿ ಫ್ರಿಜ್ಜು ಎಲ್ಲ ಮಟಾಷ್. ಶಟ್‌ಡೌನ್ ತಗೊಂಡು ಮೊದಲು ನ್ಯೂಟ್ರಲ್ ತಂತಿಯ ಲಗ್ (ತುದಿಗೆ ಹೊಡೆದಿರೋ ಲೋಹದ ಜೋಡಣೆ) ಬಿಚ್ಚಿ ನೋಡಿಸಿ.

ಪೈಲಟ್_ಪಿನ್
ಫೇಸ್ ಬದಲಾಯಿಸೋಕೆ ಅರ್ಜಿ, ಸೀಲು ಅಂತ ದಿನ ಹಿಡಿಯುತ್ತೆ. ಇವತ್ತು ರಾತ್ರಿಯೇ ಮಾಡಬಹುದಾದ್ದು: ಮೂರೂ ಚಾರ್ಜರಿನ ಮಿತಿ 32ರಿಂದ 16ಕ್ಕೆ ಇಳಿಸಿ. ಆಪ್‌ನಲ್ಲಿ ಇಲ್ಲಾಂದ್ರೆ ಮುಚ್ಚಳದ ಒಳಗೆ ತಿರುಗಿಸೋ ಸಣ್ಣ ಸ್ವಿಚ್ ಇರುತ್ತೆ, ಅದನ್ನ ಇನ್‌ಸ್ಟಾಲ್ ಮಾಡಿದವರನ್ನೇ ಕರೆಸಿ ಮಾಡಿಸಿ.

ಇದರಿಂದ ಕಾರಿಗೇನೂ ತೊಂದರೆ ಇಲ್ಲ. ಕಾರಿಗೆ ಚುಚ್ಚೋ ಟೈಪ್ 2 ಗನ್ನಲ್ಲಿ ಪೈಲಟ್ ಅಂತ ಒಂದು ಪಿನ್ ಇದೆ. ಚಾರ್ಜರ್ ಅದರಲ್ಲಿ ಸೆಕೆಂಡಿಗೆ 1000 ಸಲ ಮಿಡಿಯೋ ಸಿಗ್ನಲ್ ಕಳಿಸುತ್ತೆ. ಒಂದು ಮಿಡಿತದಲ್ಲಿ ಎಷ್ಟು ಪಾಲು ಮೇಲಿರುತ್ತೋ ನೋಡಿಕೊಂಡು ಕಾರು ಅಷ್ಟೇ ಎಳೆಯುತ್ತೆ. ಶೇ 53 ಇದ್ರೆ 32 ಆಂಪಿಯರ್, ಸುಮಾರು ಶೇ 27 ಇದ್ರೆ 16, ಶೇ 10 ಇದ್ರೆ 6. ಆರಕ್ಕಿಂತ ಕೆಳಗೆ ಇಳಿಯಲ್ಲ.

ಜನ "ಅಯ್ಯೋ ಅರ್ಧ ಸ್ಪೀಡಾ" ಅಂತಾರೆ. ದಿನಾ 40 ಕಿಲೋಮೀಟರ್ ಓಡಿಸಿದ್ರೆ ಬೇಕಾಗೋದು 6 ಯೂನಿಟ್ ಆಸುಪಾಸು. 16 ಆಂಪಿಯರಲ್ಲಿ ಎರಡು ಗಂಟೆಯೊಳಗೆ ಮುಗೀತು. ಉಳಿದ ರಾತ್ರಿಯೆಲ್ಲ ಕಾರು ಸುಮ್ನೆ ನಿಂತಿರುತ್ತೆ. ಹಾಗಾಗಿ ಟೈಮರನ್ನೂ ಹಂಚಿಬಿಡಿ: ಇಬ್ಬರು 10ಕ್ಕೆ, ಮೂರನೆಯವರು 12ಕ್ಕೆ.

ಮೈಸೂರು_ಮೀಟರ್
ನಡುವೆ ಬಾಯಿ ಹಾಕ್ತಿದೀನಿ, ಬೇಜಾರಾಗಬೇಡಿ. ರಾತ್ರಿನೇ ಗ್ರಿಡ್ಡಿಗೆ ಬಿಡುವು ಅನ್ನೋದು ಹಳೇ ಲೆಕ್ಕ. ಪಾವಗಡ ಒಂದರಲ್ಲೇ 2050 ಮೆಗಾವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಕರೆಂಟಿಗೆ ಬರ ಇಲ್ಲ, ಕಷ್ಟ ಬರೋದು ಸೂರ್ಯ ಮುಳುಗಿದ ಮೇಲೆ, ಆಗ ಶರಾವತಿ ನೀರಿನ ಮೇಲೆ ಭಾರ ಬೀಳುತ್ತೆ. 2023ರ ಜೂನಲ್ಲಿ ಕೇಂದ್ರ ತಿದ್ದಿದ ವಿದ್ಯುತ್ ಗ್ರಾಹಕರ ನಿಯಮಗಳಲ್ಲೂ ಹಗಲಿನ ಸೌರ ಗಂಟೆಗಳಿಗೆ ದರ ಕಮ್ಮಿ, ಪೀಕ್ ಹೊತ್ತಿಗೆ ಜಾಸ್ತಿ ಅಂತಿದೆ. ಸ್ಮಾರ್ಟ್ ಮೀಟರ್ ಬೇಕು ಅಷ್ಟೆ. ನಿಮ್ಮಲ್ಲಿ ಮನೆಯಿಂದ ಕೆಲಸ ಮಾಡೋರು ಇದ್ರೆ ಅವರ ಕಾರನ್ನ ಬೆಳಗ್ಗೆ 11ಕ್ಕೆ ಹಾಕಿಸಿ, ರಾತ್ರಿ ಸರದಿಯಿಂದಲೇ ತೆಗೆದುಬಿಡಿ.

ಖಜಾಂಚಿ_ಜೆಪಿನಗರ
ನಾಲ್ಕು ದಿನದ ವರದಿ.

ಲಗ್ ಬಿಚ್ಚಿಸಿದ್ವಿ. ಅದರ ಬುಡದಲ್ಲಿ ಎರಡಿಂಚು ಇನ್ಸುಲೇಷನ್ ಕಾಫಿ ಬಣ್ಣಕ್ಕೆ ತಿರುಗಿ ಗರಿಗರಿ ಆಗಿತ್ತು, ಉಗುರಲ್ಲಿ ಮುಟ್ಟಿದ್ರೆ ಉದುರ್ತಿತ್ತು. ಸುಟ್ಟ ತುದಿ ಕತ್ತರಿಸಿ ಹೊಸ ಲಗ್ ಹೊಡೆಸಿದ್ವಿ. ಹಳೇ_ಟಿಸಿ ಸಾರ್, ನಿಮಗೊಂದು ಊಟ ಬಾಕಿ.

16ಕ್ಕೆ ಇಳಿಸಿದ ಮೊದಲ ರಾತ್ರಿ 10:10ಕ್ಕೆ ಆರ್ ಫೇಸ್ 74. ಬೀಳಲಿಲ್ಲ. ಆದ್ರೆ ರಾತ್ರಿ 12ರ ಸರದಿಯವರು ಬೆಳಗ್ಗೆ ಬಂದು ನನ್ನ ಬಾಗಿಲು ತಟ್ಟಿದ್ರು, ಕಾರು 38 ಪರ್ಸೆಂಟಲ್ಲೇ ನಿಂತಿದೆ ಅಂತ. ಮೂರನೇ ರಾತ್ರಿ ಇನ್ನೊಂದು ಆಯ್ತು. 10:40ಕ್ಕೆ ಏರಿಯಾದಲ್ಲೇ ಕರೆಂಟ್ ಹೋಗಿ 11:05ಕ್ಕೆ ಬಂತು. ಬಂದ ತಕ್ಷಣ ಎಲ್ಲ ಕಾರೂ ಒಟ್ಟಿಗೆ ಶುರು, 12ಕ್ಕೆ ಕಾಯಬೇಕಿದ್ದದ್ದೂ ಸೇರಿ. ಆರ್ ಫೇಸ್ 90.

ಪೈಲಟ್_ಪಿನ್
38 ಪರ್ಸೆಂಟಿನವರು ಕಾರಲ್ಲೂ ಟೈಮರ್ ಇಟ್ಟು ಚಾರ್ಜರಲ್ಲೂ ಇಟ್ಟಿರ್ತಾರೆ. ಕಾರು 10ಕ್ಕೆ ಎದ್ದು ನೋಡುತ್ತೆ, ಚಾರ್ಜರ್ ಕೊಡಲ್ಲ, ನಿದ್ದೆಗೆ ಹೋಗುತ್ತೆ. 12ಕ್ಕೆ ಚಾರ್ಜರ್ ಕೊಡೋಕೆ ಬಂದಾಗ ಕೆಲವು ಕಾರು ಏಳೋದೇ ಇಲ್ಲ. ಟೈಮರ್ ಒಂದು ಕಡೆ ಮಾತ್ರ ಇರಲಿ.

ರೀಡಿಂಗ್_ರಾಯ
ಇಂಗ್ಲೆಂಡಿಂದ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಎಳೆಯೋದು, ಟೈಮರ್ ಹೊಡೆದಾಗ ಎಲ್ಲರೂ ಒಂದೇ ಕ್ಷಣದಲ್ಲಿ ಶುರು ಮಾಡೋದು, ಇಲ್ಲಿ ಇದಕ್ಕೊಂದು ಕಾನೂನೇ ಇದೆ. 2022ರ ಜೂನ್ 30ರಿಂದ ಮಾರುವ ಮನೆ ಚಾರ್ಜರುಗಳು ಶುರು ಆಗೋ ಮುಂಚೆ 10 ನಿಮಿಷದೊಳಗೆ ಎಷ್ಟೋ ಒಂದಷ್ಟು ಹೊತ್ತು ತಾವಾಗೇ ಕಾಯಬೇಕು, ಒಂದೊಂದೂ ಬೇರೆ ಬೇರೆ. ಹೊಸದರಲ್ಲಿ ಗನ್ ಚುಚ್ಚಿ ಏನೂ ಆಗದಾಗ ನಾನು ಕೆಟ್ಟಿದೆ ಅಂದ್ಕೊಂಡು ಮಳೇಲಿ ನಿಂತು ಮೂರು ಸಲ ಕಿತ್ತು ಚುಚ್ಚಿದ್ದೆ.

ನಿಮ್ಮ ಚಾರ್ಜರಿನ ಸೆಟಿಂಗಲ್ಲಿ ಹೀಗೆ ತಡಮಾಡೋ ಆಯ್ಕೆ ಇದೆಯಾ ಹುಡುಕಿ.

ಹಳೇ_ಟಿಸಿ
90 ಬಂದ್ರೂ ತಡೀತಲ್ಲ, ಅದು ಮಿತಿ ಇಳಿಸಿದ್ದರ ಪುಣ್ಯ. ಹಾಗಂತ ಅಲ್ಲಿಗೇ ಬಿಡಬೇಡಿ. ಆರ್‌ನಿಂದ ಒಂದು ಮನೆಯನ್ನ ಬಿ ಫೇಸಿಗೆ ಹಾಕಿಕೊಡಿ ಅಂತ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಮೀಟರ್ ಬೋರ್ಡಿನ ಸೀಲ್ ನೀವೇ ಮುಟ್ಟಬೇಡಿ. ಸ್ಯಾಂಕ್ಷನ್ ಲೋಡೂ (ಮನೆಗೆ ಮಂಜೂರಾದ ಕಿಲೋವ್ಯಾಟ್) ಅದೇ ಸಲ ನೋಡಿಕೊಳ್ಳಿ, 7.2ರ ಚಾರ್ಜರ್ ಹಾಕಿ ಮನೆ ಲೋಡ್ 3 ಕಿಲೋವ್ಯಾಟಲ್ಲೇ ಇಟ್ಟವರು ಬೇಕಾದಷ್ಟಿದಾರೆ. ಕಾರು ಎಂಟು ಹತ್ತು ಆದ್ಮೇಲೆ ಈ ಟೈಮರ್ ಆಟ ನಡೆಯಲ್ಲ. ಆಗ ಮೇನ್ ಮೇಲೆ ಸಿಟಿ (ಹರಿಯೋ ಕರೆಂಟ್ ಅಳೆಯೋ ಬಳೆ) ಕೂರಿಸಿ, ಮಿಕ್ಕ ಆಂಪಿಯರನ್ನ ಚಾರ್ಜರುಗಳಿಗೆ ಹಂಚೋ ಕಂಟ್ರೋಲರ್ ಹಾಕಿಸಿ. ಇಲ್ಲಾಂದ್ರೆ ಪಾರ್ಕಿಂಗಿಗೇ ಬೇರೆ ಕನೆಕ್ಷನ್ ತಗೊಳ್ಳಿ, ಅದೇ ಗ್ರಾಹಕರ ನಿಯಮಗಳ 2024ರ ತಿದ್ದುಪಡೀಲಿ ಅದಕ್ಕೆ ಅವಕಾಶ ಇದೆ.

ಖಜಾಂಚಿ_ಜೆಪಿನಗರ
ಅರ್ಜಿ ಕೊಟ್ಟಾಯ್ತು. ಎರಡು ಟೈಮರ್ ಇಟ್ಟಿದ್ದವರು ನಮ್ಮ ಅಧ್ಯಕ್ಷರೇ, ಅವರಿಗೆ ಹೇಳೋಕೆ ನನ್ನ ಹೆಂಡ್ತೀನ ಕಳಿಸಿದೆ. ಇನ್ನೆರಡು ಮನೆಯವರು ಕಾರು ಬುಕ್ ಮಾಡಿದಾರಂತೆ. ಯಾವ ಕಾರು ಅಂತಲೂ ಕೇಳಲಿಲ್ಲ, ಓಡಿ ಹೋಗಿ ಅವರು ಯಾವ ಫೇಸಲ್ಲಿದಾರೆ ಅಂತ ನೋಡಿಕೊಂಡು ಬಂದೆ. ಒಬ್ಬರು ವೈ, ಒಬ್ಬರು ಬಿ.